ಬಡ್ಡಿಯಿಲ್ಲದ ಬ್ಯಾಂಕು ಹೊಗೆಯ ಲೆಕ್ಕ ಇಡುತ್ತದೆಯೇ?

ಪ್ರಶ್ನೆ: ನಾನು ವಾಣಿಜ್ಯ ಓದಿದವನು. ಇತ್ತೀಚೆಗೆ ಕೆಲವು ಇಸ್ಲಾಮಿಕ್ ಬ್ಯಾಂಕುಗಳ ವಾರ್ಷಿಕ ವರದಿಗಳನ್ನು ನೋಡುತ್ತಿದ್ದೆ. ಎಲ್ಲದರಲ್ಲೂ 'ನೈತಿಕ', 'ಜವಾಬ್ದಾರಿಯುತ', 'ಹಸಿರು' ಎಂಬ ಮಾತುಗಳು ಜಾಸ್ತಿ. ಗಿಡ ನೆಟ್ಟ ಫೋಟೊಗಳೂ ಇವೆ. ಆದರೆ ಬ್ಯಾಂಕು ಹಣ ಕೊಟ್ಟ ಕಾರ್ಖಾನೆಗಳಿಂದ ಎಷ್ಟು ಹೊಗೆ ಬಂತು, ಎಷ್ಟು ನೀರು ಕೆಟ್ಟಿತು ಎಂಬ ಲೆಕ್ಕ ಎಲ್ಲೂ ಸಿಗಲಿಲ್ಲ. ಬಡ್ಡಿ, ಮದ್ಯ, ಜೂಜು ಬೇಡ ಎನ್ನುವ ಈ ವ್ಯವಸ್ಥೆಯಲ್ಲಿ ಪರಿಸರ ಹಾನಿಗೆ ಯಾವ ಸ್ಥಾನ? ಅದರ ಲೆಕ್ಕ ಇಡಬೇಕೆಂಬ ನಿಯಮ ಇದೆಯೇ? ವರದಿ ಓದುವವರು ಏನನ್ನು ಹುಡುಕಬೇಕು?

ಉತ್ತರ: ಆ ಲೆಕ್ಕ ನಿಮ್ಮ ಕಣ್ತಪ್ಪಿ ಹೋಗಿಲ್ಲ. ಹೆಚ್ಚಿನ ವರದಿಗಳಲ್ಲಿ ಅದು ಇಲ್ಲವೇ ಇಲ್ಲ. ಇದು ಹಳೆಯ ಕೊರತೆ. ಬಸ್ಸಾಮ್ ಮಾಲಿ, ಪೀಟರ್ ಕ್ಯಾಸನ್, ಕ್ರಿಸ್ಟೋಫರ್ ನೇಪಿಯರ್ ಎಂಬ ಮೂವರು ಸಂಶೋಧಕರು 16 ದೇಶಗಳ 29 ಇಸ್ಲಾಮಿಕ್ ಬ್ಯಾಂಕುಗಳ ವರದಿಗಳನ್ನು ಪರಿಶೀಲಿಸಿ 2006ರಲ್ಲಿ ಲೇಖನ ಪ್ರಕಟಿಸಿದರು. ಸಮಾಜಕ್ಕೆ ಸಂಬಂಧಿಸಿದ ಮಾಹಿತಿ ಇರಬೇಕಾದದ್ದಕ್ಕಿಂತ ತುಂಬಾ ಕಡಿಮೆ ಇದೆ ಎಂಬುದು ಅವರಿಗೆ ಕಂಡಿತು. ಮರುವರ್ಷ ರೋಸ್‌ಜೈನಿ ಹನೀಫಾ ಮತ್ತು ಮೊಹಮ್ಮದ್ ಹುದೈಬ್ ಕೊಲ್ಲಿ ಪ್ರದೇಶದ ಏಳು ಬ್ಯಾಂಕುಗಳನ್ನು ನೋಡಿದರು. ಇಸ್ಲಾಮಿಕ್ ಬ್ಯಾಂಕೊಂದು ಏನೇನು ತಿಳಿಸಬೇಕು ಎಂದು ಪಟ್ಟಿ ಮಾಡಿ, ನಿಜವಾಗಿ ಏನು ತಿಳಿಸಿದ್ದಾರೆ ಎಂದು ಅಳೆದರು. ಏಳರಲ್ಲಿ ಒಂದು ಮಾತ್ರ ಸರಾಸರಿಗಿಂತ ಮೇಲಿತ್ತು.

ಮೊದಲನೆಯ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಇದೆ. ಝಕಾತ್, ಅಂದರೆ ಇಸ್ಲಾಮಿನ ಕಡ್ಡಾಯ ದಾನ, ಕಟ್ಟಲೇಬೇಕಾದ ಬ್ಯಾಂಕುಗಳು ಉಳಿದವುಗಳಿಗಿಂತ ಜಾಸ್ತಿ ಮಾಹಿತಿ ಕೊಟ್ಟಿದ್ದವು. ಕಡ್ಡಾಯ ಇದ್ದ ಕಡೆ ಲೆಕ್ಕ ಬಂತು. ಲೆಕ್ಕ ಬಂದ ಕಡೆ ಅದರ ಜೊತೆಗೆ ಬೇರೆ ಮಾತೂ ಬಂತು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪರಿಸರದ ಲೆಕ್ಕವನ್ನು ಇಸ್ಲಾಮಿಕ್ ಬ್ಯಾಂಕುಗಳು ಹೊರಗಿನಿಂದ ತಂದು ಅಂಟಿಸಿಕೊಳ್ಳಬೇಕಾಗಿಲ್ಲ. ಅವು ಮಾಡಿಕೊಳ್ಳುವ ಒಪ್ಪಂದಗಳೇ ಆ ಲೆಕ್ಕವನ್ನು ಕೇಳುತ್ತವೆ. ಬೇಕಾದ ಮಾಹಿತಿಯ ದೊಡ್ಡ ಪಾಲು ಆಗಲೇ ಅವುಗಳ ಕಡತದಲ್ಲಿ ಇದೆ. ಅದಕ್ಕೇ ಅವು ಸುಮ್ಮನಿದ್ದರೆ ನನಗೆ ಉಳಿದ ಬ್ಯಾಂಕುಗಳ ಮೌನಕ್ಕಿಂತ ಜಾಸ್ತಿ ಬೇಸರವಾಗುತ್ತದೆ.

ಯಾಕೆ ಅಂತ ಒಪ್ಪಂದಗಳಿಂದಲೇ ನೋಡೋಣ. ಮಾಮೂಲಿ ಬ್ಯಾಂಕು ಸಾಲ ಕೊಡುವಾಗ ಹಣ ಕೊಡುತ್ತದೆ. ಆ ಹಣದಿಂದ ಏನು ಕೊಂಡರು ಎಂಬುದು ಅದಕ್ಕೆ ಎರಡನೆಯ ವಿಷಯ. ಇಸ್ಲಾಮಿಕ್ ಬ್ಯಾಂಕಿನ ಅತಿ ಸಾಮಾನ್ಯ ಒಪ್ಪಂದ ಮುರಾಬಹ. ಇದರಲ್ಲಿ ಬ್ಯಾಂಕು ಗ್ರಾಹಕನಿಗೆ ಬೇಕಾದ ವಸ್ತುವನ್ನು ತಾನೇ ಮೊದಲು ಕೊಳ್ಳಬೇಕು. ಆಮೇಲೆ ಲಾಭ ಸೇರಿಸಿ, ಲಾಭ ಎಷ್ಟೆಂದು ತಿಳಿಸಿ, ಕಂತಿನ ಮೇಲೆ ಮಾರಬೇಕು. ಒಂದು ಸಿಮೆಂಟ್ ಕಾರ್ಖಾನೆಗೆ ಹೊಸ ಗೂಡು (ಕಲ್ಲು ಸುಡುವ ಕುಲುಮೆ) ಬೇಕು ಅಂದುಕೊಳ್ಳಿ. ಆ ಗೂಡಿನ ಬಿಲ್ಲು ಬ್ಯಾಂಕಿನ ಹೆಸರಿನಲ್ಲಿ, ಅಥವಾ ಬ್ಯಾಂಕಿನ ಏಜೆಂಟನ ಹೆಸರಿನಲ್ಲಿ ಇರುತ್ತದೆ. ಅದರ ತಯಾರಕರು ಯಾರು, ಸಾಮರ್ಥ್ಯ ಎಷ್ಟು, ಯಾವ ಇಂಧನ ಉರಿಸುತ್ತದೆ, ಎಲ್ಲವೂ ಕಾಗದದಲ್ಲಿ ಇರುತ್ತದೆ. ಸ್ವಲ್ಪ ಹೊತ್ತಾದರೂ ಆ ಗೂಡು ಬ್ಯಾಂಕಿನ ಸ್ವಂತ ಆಸ್ತಿ. ವಸ್ತು ಏನೆಂದು ಗೊತ್ತಿಲ್ಲದೆ ಈ ವ್ಯಾಪಾರ ನಡೆಯುವುದೇ ಇಲ್ಲ. ವಸ್ತುವಿನ ಬಗ್ಗೆ ಅಸ್ಪಷ್ಟತೆ ಇದ್ದರೆ ಅದಕ್ಕೆ 'ಘರರ್' ಎಂದು ಹೆಸರು. ಅದು ಒಪ್ಪಂದವನ್ನೇ ಕೆಡಿಸುತ್ತದೆ.

ಹೀಗಿರುವಾಗ, 'ನಾವು ಕೊಟ್ಟ ಹಣದಿಂದ ಎಷ್ಟು ಹೊಗೆ ಬಂತು ನಮಗೆ ತಿಳಿಯದು' ಎಂದು ಮುರಾಬಹ ಮಾಡುವ ಬ್ಯಾಂಕು ಹೇಳುವುದು ಕಷ್ಟ, ಅಲ್ವಾ?

ಎರಡನೆಯದು ಇಜಾರ, ಅಂದರೆ ಬಾಡಿಗೆ ಒಪ್ಪಂದ. ಇಲ್ಲಿ ವಿಮಾನವೋ ಕಟ್ಟಡವೋ ಯಂತ್ರವೋ ಕಂತು ಮುಗಿಯುವವರೆಗೆ ಬ್ಯಾಂಕಿನದೇ. ಮಾಲೀಕನ ಹೊಣೆಯನ್ನು ಹೊರದಿದ್ದರೆ ಬಾಡಿಗೆ ತೆಗೆದುಕೊಳ್ಳುವ ಹಕ್ಕಿಲ್ಲ ಎಂಬುದು ಶರೀಅ (ಇಸ್ಲಾಮಿನ ಧರ್ಮಶಾಸ್ತ್ರ) ನಿಯಮದ ತಿರುಳು. ದೊಡ್ಡ ರಿಪೇರಿ ಬ್ಯಾಂಕಿನ ಲೆಕ್ಕಕ್ಕೆ ಬರುವುದು ಇದೇ ಕಾರಣಕ್ಕೆ. ಆದರೆ ಇಂಗಾಲದ ಲೆಕ್ಕದಲ್ಲಿ ಬಾಡಿಗೆ ಆಸ್ತಿಯ ಹೊಗೆಯನ್ನು ಯಾರ ಖಾತೆಗೆ ಬರೆಯಬೇಕು ಎಂಬುದು, ಆ ಸಂಸ್ಥೆ ಲೆಕ್ಕದ ಗಡಿಯನ್ನು ಹೇಗೆ ಎಳೆದುಕೊಂಡಿದೆ ಎಂಬುದರ ಮೇಲೆ ನಿಂತಿದೆ. ಆಸ್ತಿಯನ್ನು ನಡೆಸುವವರು ಯಾರೋ ಅವರ ಖಾತೆಗೆ ಎಂದು ಗಡಿ ಎಳೆದರೆ ಹೊಗೆಯೆಲ್ಲ ಬಾಡಿಗೆದಾರನ ಕಡೆ ಹೋಗುತ್ತದೆ. ಲೆಕ್ಕದ ನಿಯಮದಲ್ಲಿ ಇದಕ್ಕೆ ಅವಕಾಶ ಇದೆ. ಆದರೂ ಬಾಡಿಗೆ ಪಡೆಯುವಾಗ 'ನಾವೇ ಮಾಲೀಕರು' ಎಂದು, ಒಪ್ಪಂದಗಳು ಧರ್ಮಕ್ಕೆ ಸರಿಯೇ ಎಂದು ನೋಡುವ ತನ್ನ ಶರೀಅ ಮಂಡಳಿಗೆ ತೋರಿಸಿದ ಬ್ಯಾಂಕು, ಆ ಆಸ್ತಿಯ ಹೊಗೆಯನ್ನು ಬೇರೊಂದು ಸಾಲಿನಲ್ಲಾದರೂ ಬರೆಯಬೇಕು. ಒಂದೇ ಆಸ್ತಿಗೆ ಒಂದೇ ಸಂಸ್ಥೆ ಎರಡು ಬಗೆಯ ಗಡಿ ಎಳೆಯುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ಅದು ಠೇವಣಿದಾರನ ಸ್ಥಾನ. ಮುದಾರಬ ಖಾತೆಯಲ್ಲಿ ಹಣ ಇಟ್ಟವನು ಬ್ಯಾಂಕಿಗೆ ಸಾಲ ಕೊಟ್ಟವನಲ್ಲ. ಅವನು ಬಂಡವಾಳದ ಒಡೆಯ, 'ರಬ್ಬುಲ್ ಮಾಲ್'. ಬ್ಯಾಂಕು ಅವನ ಪರವಾಗಿ ವ್ಯವಹಾರ ನಡೆಸುವ ಪಾಲುದಾರ. ಲಾಭ ಬಂದರೆ ಹಂಚಿಕೆ. ನಷ್ಟ ಬಂದರೆ, ಬ್ಯಾಂಕಿನ ಅಜಾಗರೂಕತೆ ಇಲ್ಲದಿದ್ದಲ್ಲಿ, ಬಂಡವಾಳದವನಿಗೇ ನಷ್ಟ. ಇಂಥವನಿಗೆ ತನ್ನ ದುಡ್ಡು ಎಲ್ಲಿ ಹೋಗಿದೆ, ಅಲ್ಲಿ ಏನು ಮಾಡಿದೆ ಎಂದು ತಿಳಿಯುವ ಹಕ್ಕು ಬಡ್ಡಿ ಪಡೆಯುವ ಠೇವಣಿದಾರನಿಗಿಂತ ಜಾಸ್ತಿ ಇರಬೇಕು. ಪ್ರವಾಹ ಬಂದು ಕಾರ್ಖಾನೆ ಮುಳುಗಿದರೆ, ಕಾನೂನು ಬದಲಾಗಿ ಕಲ್ಲಿದ್ದಲಿನ ಘಟಕ ಮುಚ್ಚಿದರೆ, ಆ ಪೆಟ್ಟು ಅವನ ಖಾತೆಗೇ ಬೀಳುತ್ತದೆ. ಮಾಹಿತಿ ಕೊಡುವುದು ಇಲ್ಲಿ ಬ್ಯಾಂಕಿನ ಉಪಕಾರ ಅಲ್ಲ, ಬಾಕಿ.

ಇದರಲ್ಲಿ ಒಂದು ಕತ್ತಲೆಯ ಮೂಲೆ ಇದೆ. ಮುದಾರಬ ಖಾತೆಗಳಲ್ಲಿ ಎರಡು ಬಗೆ. ಒಂದರಲ್ಲಿ ಹಣವನ್ನು ಎಲ್ಲಿ ಬೇಕಾದರೂ ಹೂಡುವ ಸ್ವಾತಂತ್ರ್ಯ ಬ್ಯಾಂಕಿಗೆ ಇರುತ್ತದೆ. ಇನ್ನೊಂದರಲ್ಲಿ ಇಂಥ ಕಡೆಯೇ ಹೂಡಬೇಕೆಂಬ ಕಟ್ಟು ಇರುತ್ತದೆ. ಕಟ್ಟು ಇರುವ ಈ ಎರಡನೆಯ ಬಗೆಯ ಹಣ ಸಾಮಾನ್ಯವಾಗಿ ಬ್ಯಾಂಕಿನ ಆಸ್ತಿ-ಹೊಣೆ ಪಟ್ಟಿಯ ಹೊರಗೆ ಉಳಿಯುತ್ತದೆ. ಹಾಗಾಗಿ ಆ ಹಣದಿಂದ ಹುಟ್ಟಿದ ಹೊಗೆಯೂ ಲೆಕ್ಕದ ಹೊರಗೇ ಉಳಿದುಬಿಡುತ್ತದೆ. ವರದಿಯಲ್ಲಿ 'ನಮ್ಮ ಹೂಡಿಕೆಗಳ ಇಂಗಾಲ ಇಷ್ಟು' ಎಂದು ಬರೆದಿದ್ದರೆ, ಈ ಹೊರಗಿನ ಖಾತೆಗಳು ಸೇರಿವೆಯೇ ಎಂದು ಮೊದಲು ನೋಡಿ.

ಈಗ ಹೊಗೆಯ ಲೆಕ್ಕ ಹಾಕುವುದು ಹೇಗೆ ಎಂಬ ವಿಷಯಕ್ಕೆ ಬರೋಣ. ಬ್ಯಾಂಕಿನ ಸ್ವಂತ ಕರೆಂಟು, ಕಾಗದ, ಕಾರುಗಳ ಲೆಕ್ಕ ತುಂಬಾ ಚಿಕ್ಕದು. ಬ್ಯಾಂಕು ಹಣ ಕೊಟ್ಟ ವ್ಯವಹಾರಗಳ ಲೆಕ್ಕವೇ ದೊಡ್ಡದು. ತನಗೆ ಮಾಹಿತಿ ಕೊಟ್ಟ ಹಣಕಾಸು ಸಂಸ್ಥೆಗಳ ಅಂಕಿಗಳನ್ನು, ಕಂಪನಿಗಳಿಂದ ಪರಿಸರದ ಮಾಹಿತಿ ಸಂಗ್ರಹಿಸುವ ಸಿಡಿಪಿ ಎಂಬ ಸಂಸ್ಥೆ 2021ರಲ್ಲಿ ನೋಡಿದಾಗ, ಹಣ ಪಡೆದವರಿಂದ ಬಂದ ಹೊಗೆ ಆ ಸಂಸ್ಥೆಗಳ ಸ್ವಂತ ಹೊಗೆಯ 700 ಪಟ್ಟಿಗಿಂತ ಜಾಸ್ತಿ ಇತ್ತು. ಶಾಖೆಗಳಲ್ಲಿ ಎಲ್‌ಇಡಿ ದೀಪ ಹಾಕಿದ ಸುದ್ದಿ ಎರಡು ಪುಟ ತುಂಬಿ, ಸಾಲದ ಪಟ್ಟಿಯ ಹೊಗೆಗೆ ಒಂದು ಸಾಲೂ ಸಿಗದಿದ್ದರೆ ಆ ವರದಿ ವಿಷಯವನ್ನೇ ಮುಟ್ಟಿಲ್ಲ ಎಂದರ್ಥ.

ಈ ದೊಡ್ಡ ಲೆಕ್ಕಕ್ಕೆ ಪಿಸಿಎಎಫ್ ಎಂಬ ಬ್ಯಾಂಕುಗಳ ಒಕ್ಕೂಟ 2020ರಲ್ಲಿ ಒಂದು ವಿಧಾನ ಪ್ರಕಟಿಸಿತು. ತತ್ವ ಸುಲಭ. ಕಂಪನಿಯಲ್ಲಿರುವ ಒಟ್ಟು ಹಣದಲ್ಲಿ ಬ್ಯಾಂಕಿನ ಪಾಲು ಎಷ್ಟೋ, ಕಂಪನಿಯ ಹೊಗೆಯಲ್ಲೂ ಬ್ಯಾಂಕಿನ ಪಾಲು ಅಷ್ಟೇ. ಒಂದು ಕಾಲ್ಪನಿಕ ಕಂಪನಿ ತೆಗೆದುಕೊಳ್ಳಿ. ಅದರ ಷೇರು ಬಂಡವಾಳ ಮತ್ತು ಸಾಲ ಸೇರಿ 500 ಕೋಟಿ. ಬ್ಯಾಂಕಿಗೆ ಬರಬೇಕಾದ ಬಾಕಿ 50 ಕೋಟಿ, ಅಂದರೆ ಹತ್ತನೇ ಒಂದು ಪಾಲು. ಕಂಪನಿ ವರ್ಷಕ್ಕೆ 2 ಲಕ್ಷ ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟರೆ ಬ್ಯಾಂಕಿನ ಖಾತೆಗೆ 20,000 ಟನ್.

ಮುರಾಬಹದಲ್ಲಿ ಇದೇ ಲೆಕ್ಕ ಸ್ವಲ್ಪ ಜಾರುತ್ತದೆ. ಅಲ್ಲಿ ಬಾಕಿ ಎಂದರೆ ಅಸಲು ಮಾತ್ರ ಅಲ್ಲ. ಮಾರಾಟ ಒಂದೇ ಬೆಲೆಗೆ ಆಗಿರುವುದರಿಂದ ಮುಂದೆ ಬರಬೇಕಾದ ಲಾಭವೂ ಬಾಕಿಯೊಳಗೇ ಸೇರಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಅಸಲು 50 ಕೋಟಿ, ಮುಂದಿನ ಲಾಭ 10 ಕೋಟಿ ಇದ್ದು, ಯಾರಾದರೂ 60 ಕೋಟಿಯನ್ನೇ ಹಿಡಿದು ಲೆಕ್ಕ ಹಾಕಿದರೆ 24,000 ಟನ್ ಬರುತ್ತದೆ. ಹೊಗೆ ಹೆಚ್ಚಾಗಿಲ್ಲ, ಹಿಡಿದ ಅಂಕಿ ಬದಲಾಗಿದೆ. ಇನ್ನೂ ಗಳಿಸದ ಲಾಭವನ್ನು ಕಳೆದು, ಉಳಿದದ್ದನ್ನೇ ಹಿಡಿಯುವುದು ಸರಿ ಎಂದು ನನ್ನ ಅನಿಸಿಕೆ. ಎರಡರಲ್ಲಿ ಯಾವುದನ್ನು ಹಿಡಿದರೂ ಸರಿ, ಟಿಪ್ಪಣಿಯಲ್ಲಿ ಹೇಳಲೇಬೇಕು. ಇಲ್ಲದಿದ್ದರೆ ಎರಡು ಬ್ಯಾಂಕುಗಳ ಅಂಕಿ ಹೋಲಿಸುವುದೇ ಸಾಧ್ಯವಿಲ್ಲ.

'ಗ್ರಾಹಕರು ಮಾಹಿತಿ ಕೊಡುವುದಿಲ್ಲ, ನಾವೇನು ಮಾಡಲಿ' ಎನ್ನುವ ಬ್ಯಾಂಕುಗಳಿವೆ. ಚಿಕ್ಕ ಬ್ಯಾಂಕುಗಳಿಗೆ ಅದು ನಿಜವಾದ ಕಷ್ಟ. ಆದರೆ ಇದೇ ವಿಧಾನದಲ್ಲಿ ಅಂದಾಜಿಗೂ ಜಾಗ ಇದೆ. ಮಾಹಿತಿಯ ಗುಣಮಟ್ಟಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಬೇರೆಯವರು ಪರಿಶೀಲಿಸಿ ಖಚಿತಪಡಿಸಿದ ಅಂಕಿಗೆ 1, ಬರೀ ಉದ್ಯಮದ ಸರಾಸರಿ ಹಿಡಿದ ಅಂದಾಜಿಗೆ 5. ಅಂದಾಜನ್ನು ಅಂದಾಜು ಎಂದೇ ಹೇಳಿದರೆ ಅದು ಪ್ರಾಮಾಣಿಕ ಲೆಕ್ಕ.

ಧರ್ಮದ ಮೂಲದಲ್ಲಿ ಇದಕ್ಕೆ ಆಧಾರ ಇದೆಯೇ ಎಂದೂ ನೀವು ಕೇಳಬಹುದು. ಧಾರಾಳವಾಗಿ ಇದೆ. ಕುರ್‌ಆನಿನ ಅತಿ ಉದ್ದದ ವಚನ ಯಾವುದರ ಬಗ್ಗೆ ಗೊತ್ತೇ? ಸಾಲದ ವ್ಯವಹಾರವನ್ನು ಬರೆದಿಡಿ, ಬರೆಯುವವನು ನ್ಯಾಯವಾಗಿ ಬರೆಯಲಿ, ಸಾಕ್ಷಿ ಇರಲಿ ಎಂಬುದರ ಬಗ್ಗೆ. ಎರಡನೆಯ ಅಧ್ಯಾಯದ 282ನೆಯ ವಚನ ಅದು. ವ್ಯವಹಾರ ಚಿಕ್ಕದಿರಲಿ ದೊಡ್ಡದಿರಲಿ, ಬರೆಯಲು ಬೇಸರ ಪಡಬೇಡಿ ಎಂಬ ಮಾತೂ ಅದರಲ್ಲಿದೆ. 55ನೆಯ ಅಧ್ಯಾಯದಲ್ಲಿ ಆಕಾಶವನ್ನು ಎತ್ತಿ ನಿಲ್ಲಿಸಿದ ಮಾತಿನ ಜೊತೆಗೇ ತಕ್ಕಡಿಯ ಮಾತು ಬರುತ್ತದೆ, ತೂಕದಲ್ಲಿ ಮೋಸ ಮಾಡಬೇಡಿ ಎಂಬ ಎಚ್ಚರಿಕೆ ಬರುತ್ತದೆ. 'ಮೀಜಾನ್' ಎಂಬ ಆ ಪದಕ್ಕೆ ತಕ್ಕಡಿ ಎಂಬ ಅರ್ಥವೂ ಇದೆ, ಸಮತೋಲನ ಎಂಬ ಅರ್ಥವೂ ಇದೆ. ಪ್ರಕೃತಿಯ ಸಮತೋಲನ ಮತ್ತು ಅಂಗಡಿಯ ತೂಕ ಒಂದೇ ಪದದಲ್ಲಿ ಸೇರಿರುವುದು ಲೆಕ್ಕದ ಕೆಲಸ ಮಾಡುವ ನನ್ನಂಥವರಿಗೆ ತುಂಬಾ ಹತ್ತಿರದ ವಿಷಯ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿರುವುದು ಒಂದು ಹದೀಸ್, ಅಂದರೆ ಪ್ರವಾದಿಯ ನಡೆನುಡಿಯ ವರದಿ. ಪ್ರವಾದಿ ಮುಹಮ್ಮದರು ಸಂತೆಯಲ್ಲಿ ಧಾನ್ಯದ ರಾಶಿಯ ಪಕ್ಕದಲ್ಲಿ ಹೋಗುತ್ತಿದ್ದರು. ರಾಶಿಯೊಳಗೆ ಕೈ ಹಾಕಿ ನೋಡಿದರೆ ಒಳಗೆ ಒದ್ದೆ. ಇದೇನು ಎಂದು ಕೇಳಿದರು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೆ ಯಾಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದರು. ಗಮನಿಸಿ, ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ಒದ್ದೆ ಧಾನ್ಯ ಮಾರುವುದನ್ನೂ ಅವರು ತಡೆಯಲಿಲ್ಲ. ಒಣಗಿದ್ದನ್ನು ಮೇಲೆ ಹಾಕಿ ಒದ್ದೆಯದನ್ನು ಕೆಳಗೆ ಮುಚ್ಚಿದ್ದೇ ತಪ್ಪು. ಗಿಡ ನೆಟ್ಟ ಫೋಟೊ ಮುಂದಿನ ಪುಟದಲ್ಲಿ, ಕಲ್ಲಿದ್ದಲಿಗೆ ಕೊಟ್ಟ ಹಣ ಎಲ್ಲೂ ಇಲ್ಲ ಎಂಬ ವರದಿಗೂ ಈ ರಾಶಿಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟಿದ್ದರೂ ನಿಯಮದಲ್ಲಿ ಪರಿಸರ ಎಲ್ಲಿದೆ? ಇಸ್ಲಾಮಿಕ್ ಹಣಕಾಸು ಸಂಸ್ಥೆಗಳ ಲೆಕ್ಕಪತ್ರ ಮಾನದಂಡ ರೂಪಿಸುವುದು ಬಹ್ರೇನಿನಲ್ಲಿರುವ ಆಯೋಫಿ ಎಂಬ ಸಂಸ್ಥೆ. ಅದು 1991ರಲ್ಲಿ ನೋಂದಣಿಯಾಯಿತು. ಅದರ ಆಡಳಿತ ಮಾನದಂಡಗಳಲ್ಲಿ ಏಳನೆಯದು ಸಾಮಾಜಿಕ ಹೊಣೆಗಾರಿಕೆಯ ಬಗ್ಗೆ. ಅದರಲ್ಲಿ ಕಡ್ಡಾಯದ ಕೆಲಸಗಳು ಒಂದು ಕಡೆ, ಮಾಡಿದರೆ ಒಳ್ಳೆಯದು ಎನ್ನುವ ಕೆಲಸಗಳು ಇನ್ನೊಂದು ಕಡೆ. ನಿಷಿದ್ಧ ಮೂಲದಿಂದ ಬಂದ ಆದಾಯದ ವಿಷಯ ಕಡ್ಡಾಯದ ಕಡೆಗಿದೆ. ಪರಿಸರಕ್ಕೆ ಆಗುವ ಹಾನಿ ತಗ್ಗಿಸುವುದು ಎರಡನೆಯ ಕಡೆಗಿದೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಉಳಿದರ್ಧ ಷೇರು ಜರಡಿಯಲ್ಲಿದೆ. ಒಂದು ಕಂಪನಿಯ ಷೇರು ಶರೀಅಕ್ಕೆ ಒಪ್ಪುತ್ತದೆಯೇ ಎಂದು ನೋಡುವಾಗ ಮದ್ಯ, ಹಂದಿಮಾಂಸ, ಜೂಜು, ಬಡ್ಡಿ ವ್ಯವಹಾರ ಇವನ್ನು ಹೊರಗಿಡುತ್ತಾರೆ. ಆಯೋಫಿ ಪ್ರಕಾರ ಬಡ್ಡಿ ಸಾಲ ಕಂಪನಿಯ ಮಾರುಕಟ್ಟೆ ಮೌಲ್ಯದ ಶೇ 30 ದಾಟಬಾರದು, ನಿಷಿದ್ಧ ಆದಾಯ ಶೇ 5 ದಾಟಬಾರದು. ಈ ಜರಡಿಯಲ್ಲಿ ಹೊಗೆಗೆ ಕಣ್ಣೇ ಇಲ್ಲ. 2021ರಲ್ಲಿ ಸೌದಿ ಅರಾಮ್ಕೊ 600 ಕೋಟಿ ಡಾಲರಿನ ಸುಕೂಕ್ ಹೊರತಂದಿತು. ಸುಕೂಕ್ ಅಂದರೆ ಆಸ್ತಿಯೊಂದರಲ್ಲಿ ಪಾಲು ಕೊಡುವ ಪತ್ರ. ಬಾಂಡಿನ ಜಾಗದಲ್ಲಿ ಇಸ್ಲಾಮಿಕ್ ಮಾರುಕಟ್ಟೆ ಬಳಸುವುದು ಇದನ್ನೇ. ಜಗತ್ತಿನ ದೊಡ್ಡ ತೈಲ ಕಂಪನಿಯ ಪತ್ರ ಅದು, ಶರೀಅ ದೃಷ್ಟಿಯಿಂದ ಅದಕ್ಕೆ ಯಾವ ಅಡ್ಡಿಯೂ ಬರಲಿಲ್ಲ. ತೈಲ ತೆಗೆಯುವುದು ನಿಷಿದ್ಧ ಎಂದು ನಾನು ಹೇಳುತ್ತಿಲ್ಲ, ಅದನ್ನು ಹೇಳಬೇಕಾದವರು ಧರ್ಮಶಾಸ್ತ್ರ ಬಲ್ಲವರು. 'ಹಲಾಲ್' ಎಂಬ ಮುದ್ರೆ ನೋಡಿ 'ಹಸಿರು' ಎಂದು ಓದಿಕೊಳ್ಳಬೇಡಿ ಅಂತಷ್ಟೇ ನನ್ನ ಮಾತು.

ಧರ್ಮಶಾಸ್ತ್ರ ಬಲ್ಲವರು ಕೆಲವು ಕಡೆ ಸ್ಪಷ್ಟವಾಗಿಯೇ ಮಾತಾಡಿದ್ದಾರೆ. 2015ರಲ್ಲಿ ಇಂಡೋನೇಷ್ಯದಲ್ಲಿ ಕಾಡು ಮತ್ತು ಜವುಗು ನೆಲದ ದೊಡ್ಡ ಬೆಂಕಿ ಕಾಣಿಸಿತು. ಐದು ತಿಂಗಳಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು. ವಿಶ್ವಬ್ಯಾಂಕ್ ಲೆಕ್ಕದಲ್ಲಿ ಆ ದೇಶಕ್ಕೆ ಆದ ನಷ್ಟ ಸುಮಾರು 1,600 ಕೋಟಿ ಡಾಲರ್. ಮರುವರ್ಷ ಅಲ್ಲಿನ ಉಲೇಮಾ (ಧರ್ಮ ವಿದ್ವಾಂಸರ) ಮಂಡಳಿ, ಹಾನಿ ಮಾಡುವ ರೀತಿಯಲ್ಲಿ ಕಾಡು ಮತ್ತು ಭೂಮಿಗೆ ಬೆಂಕಿ ಹಾಕುವುದು ಹರಾಮ್ (ನಿಷಿದ್ಧ) ಎಂದು ಫತ್ವಾ (ಧಾರ್ಮಿಕ ತೀರ್ಪು) ಕೊಟ್ಟಿತು. 'ಹಾನಿ ಮಾಡಬಾರದು, ಹಾನಿಗೆ ಪ್ರತಿಯಾಗಿಯೂ ಹಾನಿ ಮಾಡಬಾರದು' ಎಂಬ ಹಳೆಯ ನ್ಯಾಯಸೂತ್ರ ಇಂಥ ತೀರ್ಮಾನಗಳ ಬೆನ್ನಿಗಿದೆ.

ಇಲ್ಲಿ ನಿಂತು ಲೆಕ್ಕದ ಪುಸ್ತಕ ತೆಗೆಯಿರಿ. ಆ 1,600 ಕೋಟಿ ಡಾಲರ್ ಯಾವ ತೋಟದ ಕಂಪನಿಯ ಲಾಭ-ನಷ್ಟ ಪಟ್ಟಿಯಲ್ಲಿ ಖರ್ಚಾಗಿ ಬಂತು? ಉಸಿರಾಟದ ತೊಂದರೆ, ಮುಚ್ಚಿದ ಶಾಲೆಗಳು, ನಿಂತ ವಿಮಾನಗಳು, ಇದೆಲ್ಲ ಬೇರೆಯವರ ತಲೆಗೆ ಬಂದ ಖರ್ಚು. ಹಾನಿಯ ಈ ಬೆಲೆಯನ್ನು ಹುಟ್ಟಿಸಿದವರ ಪುಸ್ತಕಕ್ಕೆ ವಾಪಸ್ ತರುವುದೇ ಪರಿಸರ ಲೆಕ್ಕದ ಮುಖ್ಯ ಕೆಲಸ. ಟನ್ನು, ಲೀಟರು, ಹೆಕ್ಟೇರಿನಲ್ಲಿ ಒಂದು ಲೆಕ್ಕ. ಅದನ್ನೇ ಹಣದಲ್ಲಿ ಇನ್ನೊಂದು ಲೆಕ್ಕ.

ಇದಕ್ಕೆ ಬೇಕಾದ ಅಚ್ಚು ಇಸ್ಲಾಮಿಕ್ ಬ್ಯಾಂಕಿನಲ್ಲಿ ಆಗಲೇ ಇದೆ ಎಂಬುದು ನನ್ನ ನಂಬಿಕೆ. ಅದೇ ಶುದ್ಧೀಕರಣದ ಖಾತೆ. ಬ್ಯಾಂಕಿಗೆ ಗೊತ್ತಿಲ್ಲದೆಯೋ ಅನಿವಾರ್ಯವಾಗಿಯೋ ನಿಷಿದ್ಧ ಆದಾಯ ಬಂದರೆ ಅದನ್ನು ಲಾಭಕ್ಕೆ ಸೇರಿಸುವಂತಿಲ್ಲ. ಕಂತು ತಡಮಾಡಿದವರಿಂದ ಬಂದ ದಂಡವನ್ನೂ ಸೇರಿಸುವಂತಿಲ್ಲ. ಅದು ದಾನದ ನಿಧಿಗೆ ಹೋಗುತ್ತದೆ. ಆ ನಿಧಿಗೆ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಪ್ರತ್ಯೇಕ ಪಟ್ಟಿಯನ್ನು ಹಣಕಾಸು ವರದಿಯ ಭಾಗವಾಗಿಯೇ ಕೊಡಬೇಕು ಎಂಬುದು ಆಯೋಫಿಯ ರೂಢಿ. ಲೆಕ್ಕ ಪರಿಶೋಧಕರು ಅದನ್ನು ನೋಡುತ್ತಾರೆ. 'ನಮ್ಮ ಗಳಿಕೆಯಲ್ಲಿ ಇಷ್ಟು ನಮ್ಮದಲ್ಲ, ಕಾರಣ ಇದು' ಎಂದು ಪ್ರತಿ ವರ್ಷ ಬರೆದು ಸಹಿ ಹಾಕುವ ಪದ್ಧತಿ ಮಾಮೂಲಿ ಬ್ಯಾಂಕುಗಳ ಲೆಕ್ಕದಲ್ಲಿ ಇಲ್ಲ. ಕಾಡು ಸುಡುವುದು ಹರಾಮ್ ಎಂದ ಮೇಲೆ, ಕಾಡು ಸುಟ್ಟು ಸಿಕ್ಕಿಬಿದ್ದ ಕಂಪನಿಯಿಂದ ಬಂದ ಲಾಭ ಈ ಖಾತೆಗೆ ಯಾಕೆ ಹೋಗಬಾರದು? ಇದು ನನ್ನ ಪ್ರಶ್ನೆ, ಇನ್ನೂ ನಿಯಮ ಆಗಿಲ್ಲ. ಶರೀಅ ಮಂಡಳಿಗಳು ಇದನ್ನು ಎತ್ತಿಕೊಂಡರೆ ಪರಿಸರ ಹಾನಿ 'ಮಾಡಿದರೆ ಒಳ್ಳೆಯದು' ಪಟ್ಟಿಯಿಂದ ಕಡ್ಡಾಯದ ಪಟ್ಟಿಗೆ ಬರುತ್ತದೆ. ಝಕಾತಿನ ವಿಷಯದಲ್ಲಿ ಆದದ್ದು ಇಲ್ಲೂ ಆಗುತ್ತದೆ ಎಂದು ನನಗೆ ಅನಿಸುತ್ತದೆ.

ಒಪ್ಪಂದವೇ ಲೆಕ್ಕ ಕೇಳುತ್ತದೆ ಎಂದೆನಲ್ಲ, ಅದಕ್ಕೆ ಒಂದು ದೊಡ್ಡ ಅಪವಾದ ಇದೆ. ಅದನ್ನು ಹೇಳದೆ ಬಿಟ್ಟರೆ ನಾನೂ ಒಣ ಧಾನ್ಯ ಮೇಲೆ ಹಾಕಿದ ಹಾಗೆ ಆಗುತ್ತದೆ. ತವರ್ರುಕ್ ಎಂಬ ಒಪ್ಪಂದ ಬಹಳ ಬಳಕೆಯಲ್ಲಿದೆ. ಗ್ರಾಹಕನಿಗೆ ಬೇಕಾಗಿರುವುದು ನಗದು. ಬ್ಯಾಂಕು ಮಾರುಕಟ್ಟೆಯಲ್ಲಿ ಲೋಹವನ್ನೋ ತಾಳೆ ಎಣ್ಣೆಯನ್ನೋ ಕೊಂಡು ಅವನಿಗೆ ಕಂತಿನ ಮೇಲೆ ಮಾರುತ್ತದೆ. ಅವನ ಪರವಾಗಿ ಅದು ಕೂಡಲೇ ಬೇರೆಯವರಿಗೆ ಮಾರಾಟವಾಗಿ ನಗದು ಅವನ ಕೈಗೆ ಬರುತ್ತದೆ. ಮಲೇಷ್ಯದಲ್ಲಿ ಇದಕ್ಕೆಂದೇ 2009ರಿಂದ 'ಬುರ್ಸಾ ಸೂಕ್ ಅಲ್-ಸಿಲಾ' ಎಂಬ ಮಾರುಕಟ್ಟೆ ಇದೆ. ಅದೇ ವರ್ಷ ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ (ಧರ್ಮನ್ಯಾಯ) ಅಕಾಡೆಮಿ, ಹೀಗೆ ಮೊದಲೇ ಏರ್ಪಾಡು ಮಾಡಿದ ತವರ್ರುಕ್ ಸರಿಯಲ್ಲ ಎಂದು ನಿರ್ಣಯಿಸಿತು. ಆದರೂ ಬಳಕೆ ನಿಂತಿಲ್ಲ. ಪರಿಸರ ಲೆಕ್ಕದ ದೃಷ್ಟಿಯಿಂದ ಇದರ ತೊಂದರೆ ಏನೆಂದರೆ, ಕಡತದಲ್ಲಿ ತಾಳೆ ಎಣ್ಣೆ ಇರುತ್ತದೆ, ಹಣ ಹೋದದ್ದು ಬೇರೆಲ್ಲೋ. ವಸ್ತುವಿನ ಬಗ್ಗೆ ಬ್ಯಾಂಕಿಗೆ ಇರಬೇಕಾದ ತಿಳಿವಳಿಕೆಯೇ ಇಲ್ಲಿ ಕಳೆದುಹೋಗುತ್ತದೆ. ಅದಕ್ಕೇ ನನಗೆ ಒಂದು ಅಂಕಿಯ ಮೇಲೆ ತುಂಬಾ ಆಸಕ್ತಿ. ಒಟ್ಟು ಹಣಕಾಸಿನಲ್ಲಿ ತವರ್ರುಕ್ ಪಾಲು ಶೇಕಡ ಎಷ್ಟು? ಅದು ಜಾಸ್ತಿ ಇದ್ದಷ್ಟೂ ಆ ಬ್ಯಾಂಕು ತನ್ನ ಹಣ ಏನು ಮಾಡುತ್ತಿದೆ ಎಂಬುದನ್ನು ಕಡಿಮೆ ಬಲ್ಲದು.

ಹಸಿರು ಸುಕೂಕ್ ಬಗ್ಗೆ ಸ್ವಲ್ಪ ಹೇಳಬೇಕು. ಈ ಕ್ಷೇತ್ರದಲ್ಲಿ ಪಾರದರ್ಶಕತೆ ಹೆಚ್ಚು ಬೆಳೆದಿರುವುದು ಇಲ್ಲೇ. ಮಲೇಷ್ಯದ ಷೇರುಪೇಟೆ ನಿಯಂತ್ರಣ ಆಯೋಗ 2014ರಲ್ಲಿ ಇಂಥ ಸುಕೂಕಿಗೆ ಚೌಕಟ್ಟು ತಂದಿತು. 2017ರಲ್ಲಿ ತಡಾವು ಎನರ್ಜಿ ಎಂಬ ಕಂಪನಿ ಸಬಾ ರಾಜ್ಯದ ಕುಡಾಟ್‌ನಲ್ಲಿ 50 ಮೆಗಾವ್ಯಾಟ್ ಸೌರ ಘಟಕಕ್ಕಾಗಿ 25 ಕೋಟಿ ರಿಂಗಿಟ್ ಎತ್ತಿತು. ಅದು ಜಗತ್ತಿನ ಮೊದಲ ಹಸಿರು ಸುಕೂಕ್. 2018ರ ಮಾರ್ಚ್‌ನಲ್ಲಿ ಇಂಡೋನೇಷ್ಯ ಸರ್ಕಾರ 125 ಕೋಟಿ ಡಾಲರಿನ ಹಸಿರು ಸುಕೂಕ್ ತಂದಿತು. ಹಣ ಯಾವ ಯೋಜನೆಗೆ ಹೋಯಿತು, ಎಷ್ಟು ಹೊಗೆ ತಗ್ಗಿತು ಎಂದು ಆ ಸರ್ಕಾರ ವರದಿ ಪ್ರಕಟಿಸುತ್ತದೆ. ಇದು ಒಳ್ಳೆಯ ಮಾದರಿ, ಮನಸಾರೆ ಮೆಚ್ಚುತ್ತೇನೆ.

ಆದರೆ ಓದುವಾಗ ಎರಡು ಕಡೆ ನಿಧಾನಿಸಿ. ಸುಕೂಕಿನ ಹಿಂದೆ ಇರುವ ಆಸ್ತಿ ಒಂದು, ಹಣ ಹೋಗುವ ಯೋಜನೆ ಇನ್ನೊಂದು ಇರಬಹುದು. ಪಾಲು ಸರ್ಕಾರಿ ಕಟ್ಟಡದಲ್ಲಿ, ಹಣ ರೈಲು ಮಾರ್ಗಕ್ಕೆ. ಇದರಲ್ಲಿ ಮೋಸ ಇಲ್ಲ, ಆದರೆ ಹೂಡಿದವರಿಗೆ ಎರಡೂ ಸ್ಪಷ್ಟವಾಗಿ ಗೊತ್ತಿರಬೇಕು. ಇನ್ನೊಂದು, ಹಣ ಹೊಸ ಯೋಜನೆಗೆ ಹೋಯಿತೇ, ಅಥವಾ ಆಗಲೇ ಮುಗಿದ ಯೋಜನೆಯ ಹಳೆ ಖರ್ಚು ತುಂಬಿತೇ? ಹಳೆಯದನ್ನು ತುಂಬಿದರೆ ಹೊಗೆ ತಗ್ಗಿದ್ದು ನಿಜ, ಆದರೆ ಈ ಸುಕೂಕಿನಿಂದಲೇ ತಗ್ಗಿತು ಎನ್ನುವಂತಿಲ್ಲ. ಸುಕೂಕಿಗೆ ಹಸಿರು ಮಾನದಂಡ ಹೇಗೆ ಹೊಂದಿಸಬೇಕು ಎಂದು ಇಸ್ಲಾಮಿಕ್ ಅಭಿವೃದ್ಧಿ ಬ್ಯಾಂಕ್, ಲಂಡನ್ ಷೇರುಪೇಟೆ ಸಮೂಹ ಮತ್ತು ಅಂತರರಾಷ್ಟ್ರೀಯ ಬಂಡವಾಳ ಮಾರುಕಟ್ಟೆ ಸಂಘ ಸೇರಿ 2024ರ ಏಪ್ರಿಲ್‌ನಲ್ಲಿ ಮಾರ್ಗದರ್ಶಿ ತಂದಿವೆ.

ಬ್ಯಾಂಕುಗಳ ಮೇಲಿನ ನಿಯಮವೂ ನಿಧಾನವಾಗಿ ಬಿಗಿಯಾಗುತ್ತಿದೆ. ಮಲೇಷ್ಯದ ಕೇಂದ್ರ ಬ್ಯಾಂಕು 2021ರಲ್ಲಿ, ಪ್ರತಿ ಹಣಕಾಸನ್ನೂ ಹವಾಮಾನದ ದೃಷ್ಟಿಯಿಂದ ವಿಂಗಡಿಸುವ ಕ್ರಮ ತಂದಿತು. 2023ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಸುಸ್ಥಿರತೆ ಮಾನದಂಡ ಮಂಡಳಿ ಎಸ್1, ಎಸ್2 ಎಂಬ ಎರಡು ಮಾನದಂಡ ಹೊರಡಿಸಿತು. ಎರಡನೆಯದು ಹವಾಮಾನದ್ದು. ಬ್ಯಾಂಕುಗಳು ತಾವು ಹಣ ಕೊಟ್ಟವರ ಹೊಗೆಯನ್ನೂ ಹೇಳಬೇಕು ಎಂಬುದು ಅದರಲ್ಲಿದೆ. ಮಲೇಷ್ಯ 2024ರ ಸೆಪ್ಟೆಂಬರ್‌ನಲ್ಲಿ ಇವನ್ನು ತನ್ನ ಚೌಕಟ್ಟಿಗೆ ತೆಗೆದುಕೊಂಡಿತು. ಆದರೆ ಈ ಮಾನದಂಡಗಳ ಕಣ್ಣು ಹೂಡಿಕೆದಾರನ ಮೇಲೆ. ಹವಾಮಾನದಿಂದ ಕಂಪನಿಗೆ ಏನಾಗುತ್ತದೆ ಎಂಬುದೇ ಅವುಗಳ ಮುಖ್ಯ ಪ್ರಶ್ನೆ. ಕಂಪನಿಯಿಂದ ಊರಿಗೆ, ನದಿಗೆ ಏನಾಯಿತು ಎಂಬುದು ಅಮಾನತ್ (ನಂಬಿ ಒಪ್ಪಿಸಿದ ಹೊಣೆ) ಹೊತ್ತವರ ಪ್ರಶ್ನೆ. ಎಸ್2 ಒಂದನ್ನೇ ಪಾಲಿಸಿದರೆ ಅದಕ್ಕೆ ಉತ್ತರ ಕೊಟ್ಟು ಮುಗಿಸಿದಂತೆ ಆಗುವುದಿಲ್ಲ.

ನೀವು ವಾಣಿಜ್ಯ ಓದಿದವರು, ಆದ್ದರಿಂದ ಬಣ್ಣದ ಪುಟಗಳನ್ನು ಬಿಟ್ಟು ನೇರವಾಗಿ ಟಿಪ್ಪಣಿಗಳಿಗೆ ಹೋಗಿ. ಹಣಕಾಸನ್ನು ಉದ್ಯಮವಾರು ಹಂಚಿದ ಪಟ್ಟಿ ಇದ್ದೇ ಇರುತ್ತದೆ. ಅದರಲ್ಲಿ ತೈಲ, ಸಿಮೆಂಟ್, ಉಕ್ಕು, ತೋಟಗಾರಿಕೆ, ವಿದ್ಯುತ್ತಿನ ಪಾಲು ಗುರುತು ಹಾಕಿಕೊಳ್ಳಿ. ಅದೇ ವರದಿಯಲ್ಲಿ ಹಸಿರು ಎಂದು ಹೇಳಿಕೊಂಡ ಮೊತ್ತ ಎಷ್ಟು ನೋಡಿ, ಎರಡನ್ನೂ ಪಕ್ಕಪಕ್ಕ ಬರೆಯಿರಿ. ಆಮೇಲೆ ಒಪ್ಪಂದವಾರು ಪಟ್ಟಿಯಲ್ಲಿ ತವರ್ರುಕ್ ಹುಡುಕಿ. ಕೆಲವರು ಅದನ್ನು ಸರಕು ಮುರಾಬಹ ಎಂದೂ ಬರೆದಿರುತ್ತಾರೆ. ದಾನದ ನಿಧಿಯ ಪಟ್ಟಿ ತೆರೆದು, ಶುದ್ಧೀಕರಣಕ್ಕೆ ಹೋದ ಮೊತ್ತ ಯಾವ ಕಾರಣಕ್ಕೆ ಬಂತು ಎಂದು ಓದಿ. ಕೊನೆಯಲ್ಲಿ ಶರೀಅ ಮಂಡಳಿಯ ವರದಿ. ಒಪ್ಪಂದಗಳು ಸರಿ ಇವೆ, ಝಕಾತ್ ಲೆಕ್ಕ ಸರಿ ಇದೆ ಎಂಬ ಸಾಲುಗಳ ನಡುವೆ ಹಾನಿ ಎಂಬ ಪದ ಎಲ್ಲಾದರೂ ಬಂದಿದೆಯೇ?

ನಿಮ್ಮದೇ ಮುದಾರಬ ಖಾತೆ ಇದ್ದರೆ ಇನ್ನೂ ಒಳ್ಳೆಯದು. ಆಗ ನೀವು ಕೇಳುವುದು ಬಂಡವಾಳದ ಒಡೆಯರಾಗಿ. ಪತ್ರ ಬರೆಯಿರಿ. ನಮ್ಮ ಹಣ ಯಾವ ಉದ್ಯಮಗಳಲ್ಲಿದೆ, ಅವುಗಳ ಹೊಗೆಯಲ್ಲಿ ನಮ್ಮ ಪಾಲಿಗೆ ಎಷ್ಟು ಟನ್, ಆ ಅಂಕಿ ಅಳೆದದ್ದೋ ಅಂದಾಜಿನದ್ದೋ, ಇಷ್ಟು ಕೇಳಿದರೆ ಸಾಕು. ಪತ್ರವನ್ನು ಗ್ರಾಹಕ ಸೇವೆಗೆ ಕಳಿಸಬೇಡಿ, ಶರೀಅ ಮಂಡಳಿಯ ಕಾರ್ಯದರ್ಶಿಗೆ ಕಳಿಸಿ. ಉತ್ತರ ಬಂದರೆ ನನಗೂ ಕಳಿಸಿ, ಅಂಕಿಗಳನ್ನು ಜೊತೆಗೆ ಕೂತು ಬಿಡಿಸೋಣ.